ಹಂಪಮ್ಮಜ್ಜಿಯ ಹಲ್ಲು ಇಳಿದ ಗುರುವಾರ

ಕರೇಕಲ್ಲು ನಡುಗಡ್ಡೆ, ಕೃಷ್ಣಾ ನದಿ
೨೧೭೧ನೆಯ ಇಸವಿ, ಫೆಬ್ರವರಿ ೩೦

ನೂರೈವತ್ತು ವರ್ಷ ಹಿಂದಿನ ಹಿರಿಯರಿಗೆ ಸೂಗಮ್ಮನ ಶರಣು.

ತಾರೀಖು ತಪ್ಪಿಲ್ಲ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಿಮಗೆ ಗೊತ್ತಿಲ್ಲದ ಪದಗಳು ನಡುವೆ ನುಸುಳಿದರೆ ಮನ್ನಿಸಬೇಕು. ನಿಮ್ಮ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವಳು ನಾನು.

ಈ ಊರಿನ ಇಳಿದಾಣ ನೋಡಿಕೊಳ್ಳುವುದು ನನ್ನ ಕೆಲಸ. ನಿಮ್ಮ ವಿಮಾನ ನಿಲ್ದಾಣಗಳಂತೆ ದೊಡ್ಡದೇನಲ್ಲ: ಐನೂರು ಹೆಜ್ಜೆ ಉದ್ದದ ಸಪಾಟು ನೆಲ, ತಗಡಿನ ಚಪ್ಪರ, ಎರಡು ಬೆಂಚು. ಸೋಮವಾರ ಮತ್ತು ಗುರುವಾರ ಒಂಬತ್ತು ಸೀಟಿನ ಬಿಸಿಲುಗಾಡಿ ಇಳಿಯುತ್ತದೆ. ರೆಕ್ಕೆಯ ಮೇಲೆ ಬಿದ್ದ ಬಿಸಿಲಿನಿಂದಲೇ ಹಾರುವ ಸಣ್ಣ ವಿಮಾನ ಅದು. ಬರುವ ಮುಂಚೆ ನಾನು ಮೇಕೆಗಳನ್ನು ಓಡಿಸಿ, ಗಾಳಿ ಯಾವ ಕಡೆಯಿದೆ ಎಂದು ಪೈಲಟ್‌ಗೆ ತಿಳಿಸಬೇಕು. ನದಿ ಈಗ ನಿಮ್ಮ ಕಾಲಕ್ಕಿಂತ ಅಗಲ. ದೋಣಿಯಲ್ಲಿ ದಾಟಿ ತಾಲ್ಲೂಕಿನ ಊರು ಸೇರಲು ಒಂದು ದಿನ ಹಿಡಿಯುತ್ತದೆ. ಗಾಡಿಗೆ ಹನ್ನೊಂದು ನಿಮಿಷ ಸಾಕು. ಟಪಾಲು, ಕನ್ನಡಕ, ಕೆರೆಗೆ ಬಿಡುವ ಮೀನುಮರಿ ಎಲ್ಲ ಅದರಲ್ಲೇ ಬರುತ್ತವೆ. ಗಣಿತದ ಮೇಷ್ಟ್ರೂ ಮೀನುಮರಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬರುತ್ತಾರೆ.

ಹೋದ ತಿಂಗಳು ಮೇಲಿನ ಕಚೇರಿಯಿಂದ ಕಾಗದ ಬಂತು. ಕರೇಕಲ್ಲಿನಲ್ಲಿ ಗಾಡಿ ಹತ್ತುವವರು ತೀರಾ ಕಡಿಮೆ, ಗುರುವಾರ ಅಧಿಕಾರಿಯೊಬ್ಬರು ಬಂದು ನೋಡಿ ನಿಲುಗಡೆ ರದ್ದು ಮಾಡಬಹುದು ಎಂದಿತ್ತು. ಓದಿದೊಡನೆ ನನಗೆ ಮೊದಲು ನೆನಪಾದದ್ದು ಪಕ್ಕದ ಮನೆಯ ಹಂಪಮ್ಮಜ್ಜಿ.

ಎಂಬತ್ತೊಂದರ ಈ ಅಜ್ಜಿ ಸೋಬಾನೆ ಎತ್ತಿಕೊಡದೆ ನಮ್ಮಲ್ಲಿ ಮದುವೆಯೇ ಆಗುತ್ತಿರಲಿಲ್ಲ. ಎಂಟು ತಿಂಗಳ ಹಿಂದೆ ಕಡೆಯ ಹಲ್ಲೂ ಹೋಯಿತು. ಅದರೊಂದಿಗೆ ಸಕಾರವೂ ಹೋಯಿತು. ನನ್ನನ್ನು "ಹೂಗಮ್ಮಾ" ಎಂದು ಕರೆಯತೊಡಗಿದಳು. ಮಕ್ಕಳು ಕಿಸಕ್ಕನೆ ನಕ್ಕದ್ದು ಕೇಳಿ, ಅಂದಿನಿಂದ ಬಾಯಿಗೆ ಸೆರಗು ಅಡ್ಡ ಹಿಡಿದಳು. ಎರಡು ಮದುವೆಗಳಲ್ಲಿ ಹಾಡಲಿಲ್ಲ. ತಿಂಗಳಿಗೊಮ್ಮೆ ಗಾಡಿಯಲ್ಲಿ ಬರುವ ಹಲ್ಲಿನ ಡಾಕ್ಟರ್ ತಸ್ಲೀಮಾ ಅಳತೆ ತೆಗೆದುಕೊಂಡು ಹೋಗಿದ್ದರು. ಹೊಸ ಹಲ್ಲು ಬರಬೇಕಾದದ್ದೂ ಅದೇ ಗುರುವಾರ.

ಅಂದು ಗಾಡಿಯಿಂದ ಇಬ್ಬರು ಇಳಿದರು: ಡಾಕ್ಟರು, ಮತ್ತು ವಾರಿಜಾ ಎಂಬ ಅಧಿಕಾರಿ.

"ಇವತ್ತು ಯಾರೂ ಹತ್ತುವುದಿಲ್ವಾ?" ಎಂದು ವಾರಿಜಾ ಕೇಳಿದರು.

"ಇಲ್ರಿ ಮೇಡಂ," ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವರು ಸೊನ್ನೆ ಬರೆದುಕೊಂಡರು.

ಡಾಕ್ಟರು ಚಪ್ಪರದಡಿ ಅಜ್ಜಿಯನ್ನು ಕೂರಿಸಿ ಹಲ್ಲು ಕೂಡಿಸಿದರು, ತೆಗೆದರು, ಉಜ್ಜಿದರು, ಮತ್ತೆ ಕೂಡಿಸಿದರು. "ಏನರ ಮಾತಾಡ್ರಿ ಅಜ್ಜಿ," ಎಂದರು. ಅಜ್ಜಿ ನಾಲಿಗೆಯಿಂದ ಹೊಸ ಹಲ್ಲುಗಳನ್ನೆಲ್ಲ ಒಮ್ಮೆ ತಡವಿ ನೋಡಿದಳು. ಆಮೇಲೆ ನನ್ನತ್ತ ತಿರುಗಿದಳು.

"ಸೂಗಮ್ಮಾ! ಸಣ್ಣ ಮಾರಿ ಮಾಡ್ಕೊಂಡು ಯಾಕ್ ನಿಂತೀಬೇ?"

ನೆರೆದವರೆಲ್ಲ ಹೋ ಎಂದು ಕೂಗಿದರು. ಅಜ್ಜಿ ಸೆರಗು ಬಿಟ್ಟು ನಕ್ಕಳು. ನನಗೆ ಅಳು ಬಂತು. ವಾರಿಜಾರ ಮುಖವೂ ಅರಳಿತು. ಆದರೂ ಕೆಲಸ ಬಿಡಲಿಲ್ಲ.

"ಅಜ್ಜಿ, ನೀವು ಎಷ್ಟು ಸಲ ವಿಮಾನ ಹತ್ತಿದ್ದೀರಿ?"

"ಒಮ್ಮೆನೂ ಹತ್ತಿಲ್ಲವ್ವ."

"ಮತ್ತೆ ಅದು ನಿಂತರೆ ನಿಮಗೇನು?"

"ನಾ ಹತ್ತಿಲ್ಲ ಖರೆ. ನನ್ನ ಹಲ್ಲು ಹತ್ತಿ ಬಂತಲ್ಲ, ಅದನ್ನ ಯಾರ ಲೆಕ್ಕಕ್ಕ ಹಿಡೀತಿ?"

ವಾರಿಜಾ ಎದ್ದು, ಡಾಕ್ಟರಿಗಾಗಿ ಕಾಯುತ್ತಿದ್ದ ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬರ ಹೆಸರು ಕೇಳಿ ಬರೆದುಕೊಂಡರು. ಇಪ್ಪತ್ತಾರು ಜನ. ಟಪಾಲಿಗೆ ಬಂದವರನ್ನೂ ಬಿಡಲಿಲ್ಲ. ಸಾಲು ಮುಗಿಸಲು ಡಾಕ್ಟರು ಸೋಮವಾರದವರೆಗೆ ಉಳಿದರು. ಮಧ್ಯಾಹ್ನ ಗಾಡಿ ಹೊರಡುವಾಗ ಅಜ್ಜಿ, ಯಾರ ಮದುವೆಯೂ ಇಲ್ಲದಿದ್ದರೂ, ಬೆಂಚಿನ ಮೇಲೆ ಕುಳಿತೇ ಸೋಬಾನೆ ಎತ್ತಿದಳು. ವಾರಿಜಾ ಮೆಟ್ಟಿಲ ಮೇಲೆ ನಿಂತು, "ಈಗ ನಾನೊಬ್ಬಳು ಹತ್ತಿದೆನಲ್ಲ, ಸೊನ್ನೆ ತಿದ್ದಬೇಕು," ಎಂದರು.

ನಿನ್ನೆ ಆದೇಶ ಬಂತು. ನಿಲುಗಡೆ ಇನ್ನೊಂದು ವರ್ಷ ಇರುತ್ತದೆ. ಆಮೇಲೆ ಮತ್ತೆ ನೋಡುತ್ತಾರಂತೆ. ಹೊಸ ಫಾರಂನಲ್ಲಿ ಒಂದು ಕಾಲಂ ಹೆಚ್ಚಾಗಿದೆ: 'ಗಾಡಿಯ ದಾರಿ ಕಾದವರು'. ಅದನ್ನು ತುಂಬಿಸುವವಳು ನಾನೇ.

ನಿಮ್ಮ ಕಾಲದಲ್ಲಿ ಸಣ್ಣ ಊರುಗಳಿಗೆ ಇಂಥ ವಿಮಾನಗಳು ಆಗಷ್ಟೇ ಹಾರತೊಡಗಿದ್ದವು, ಸೀಟು ಖಾಲಿ ಕಂಡರೆ ನಿಂತುಬಿಡುತ್ತಿದ್ದವು ಎಂದು ಓದಿದ್ದೇನೆ. ಅದಕ್ಕೇ ಒಂದು ಮಾತು ಕೇಳಿಕೊಳ್ಳುತ್ತೇನೆ. ನಿಮ್ಮೂರ ಬಯಲಿನಲ್ಲಿ ಯಾರಾದರೂ ಸೈಟು ಗುರುತು ಮಾಡಲು ಬಂದರೆ, ಗಾಡಿ ಇಳಿಯುವಷ್ಟು ಸಪಾಟು ನೆಲ ಹಾಗೇ ಉಳಿಸಿಕೊಳ್ಳಿ. ಯಾಕೆ ಎಂದು ಕೇಳಿದರೆ, ಬರುವವರಿದ್ದಾರೆ ಅನ್ನಿ.