ಮೊದಲನೇ ಸಸಿ ನೀನೇ ಹಚ್ಚು

ಅಣ್ಣಾ,

ನಾನು, ನಿನ್ನ ಹೇಂತಿ ವೈನಿ ಇಬ್ರೂ ಲೇಸರ್ ಮಾಡಿಸ್ಲಿಕ್ಕ ಹೈದರಾಬಾದಿಗಿ ಹೊಂಟೀವಿ. ಬುಟ್ಟ್ಯಾಗ ರೊಟ್ಟಿ ಅದಾವ, ಪಲ್ಯಾ ಬಿಸಿ ಮಾಡ್ಕೊ.

ಕಮಲಾಪುರದ ತ್ವಾಟದಾಗ ಈ ವರ್ಷ ಮೊದಲನೇ ಸಸಿ ನೀನೇ ಹಚ್ಚು. ನನ್ನ ಕೆನ್ನಿ ಮ್ಯಾಲಿನ ಹುಟ್ಟು ಕೆಂಪು ಮಚ್ಚಿ ಕೆಂಪು ಬಾಳಿಹಣ್ಣಿನ ಬೆಳಿಗಿ ಶುಭ ಅಂತ ಹದಿನೈದು ವರ್ಷ ನನ್ನ ಕೈಲೇ ಹಚ್ಚಿಸಿದಿ. ವರನ ಕಡ್ಯಾವ್ರು ಬಂದಾಗ ಅದೇ ಕೆನ್ನಿಗಿ ಸೆರಗು ಹೊಚ್ಚಿಸಿದಿ.

ಈಗದು ದಪ್ಪ ಆಗಿ ಗಂಟು ಕಟ್ಟೇದ, ಮುಖ ತೊಳದ್ರ ರಕ್ತ ಬರ್ತದ. ಸಣ್ಣಾಕಿದ್ದಾಗ ದವಾಖಾನಿಗಿ ಬಂದಿದ್ರ ಹಗುರ ಆಗ್ತಿತ್ತಂತ, ಈಗ ಆಳಕ್ಕ ಇಳಿಯೋ ಲೇಸರ್ ಐದಾರು ಸಲ ಬೇಕಂತ. ಪೂರಾ ಹೋಗಂಗಿಲ್ಲ, ರಕ್ತ ನಿಂತ್ರ ನನಗ ಸಾಕು.

ಮಚ್ಚಿ ಹೋದ್ರ ತ್ವಾಟದ ಲಕ್ಷ್ಮಿ ಹೋಗ್ತಾಳಂತ ನೀ ಮುಚ್ಚಿಟ್ಟ, ಲೇಸರ್ ಮಾಡಿಸ್ರಿ ಅಂತ ಡಾಕ್ಟರ್ ಬರದಿದ್ದ ಕಾಗದ ವೈನಿನೇ ಹುಡುಕಿ ಕೊಟ್ಟಾಳ.

ಮುಂದ ತ್ವಾಟಕ್ಕ ಕರಿಯೋದಿದ್ರ ಸಸಿ ಹಚ್ಚಲಿಕ್ಕಲ್ಲ, ಊಟಕ್ಕ ಕರಿ.

ಶಂಕ್ರಮ್ಮ