ಅಕ್ರೋಟು ಸಿಪ್ಪೆ

ಜಾಂಟೆ ದ್ವೀಪ, ೧೮೭೧
ನವೆಂಬರ್ ೯, ಬೆಳಿಗ್ಗೆ

ಕಾಫಿ ಮತ್ತೆ ಉಕ್ಕಿತು. ಒಲೆ ಒರೆಸುವಾಗಲೇ ಲೊಯಿಜೊಸ್ ವಕ್ಕರಿಸಿದ — ತೀರಿಕೊಂಡ ನನ್ನ ಹೆಂಡತಿ ಅನ್ನೆಟಾಳ ತಮ್ಮ. ದೊಡ್ಡ ಚಿತ್ರಗಾರನೆಂದು ಊರು ನಂಬಿರುವ ಶನಿ. ಹನ್ನೆರಡು ವರ್ಷ ಚರ್ಚಿನ ಪಟಗಳನ್ನು ಅವಳು ಬರೆದಳು, ಇವನು ಹೆಸರು ಹಾಕಿಕೊಂಡ. ಕೊನೆಯದಾದ ಸಂತ ಬಾರ್ಬರಾ ಪಟಕ್ಕೆ ಮಾತ್ರ, ಕೆಳ ಅಂಚಿನಲ್ಲಿ, ತನ್ನ ಹೆಸರು ಬರೆದು ಹೋದಳು.

"ಭಾವ, ಹಬ್ಬಕ್ಕೆ ಬಾರ್ಬರಮ್ಮನಿಗೆ ಬೆಳ್ಳಿ ಅಂಗಿ ತೊಡಿಸ್ತೀನಿ. ಹರಕೆ."

ಪಟದ ಮೇಲೆ ಬೆಳ್ಳಿ ತಗಡು ಬಡಿದರೆ ಮುಖ, ಕೈ ಬಿಟ್ಟು ಎಲ್ಲ ಮುಚ್ಚುತ್ತದೆ. ಹೆಸರೂ.

"ಹರಕೆಯಲ್ಲ, ಹೊಟ್ಟೆಕಿಚ್ಚು. ನಾನ್‌ಸೆನ್ಸ್!" ಎಂದೆ. ದ್ವೀಪ ಆಳುತ್ತಿದ್ದ ಇಂಗ್ಲಿಷರು ಹೋಗಿ ಏಳು ವರ್ಷ. ಅವರ ಕಾಲೇಜಿನಲ್ಲಿ ಕಲಿತದ್ದರಲ್ಲಿ ಬೈಗುಳವಷ್ಟೇ ಉಳಿದಿದೆ.

"ಸತ್ತೋಳಿಗೆ ಹೆಸರ್ಯಾಕೆ ಭಾವ?" ಎಂದು ಉಳಿದ ಕಾಫಿಯನ್ನೂ ಕುಡಿದು ಹೋದ.

ನವೆಂಬರ್ ೧೦

ಪಾದ್ರಿ ಆಂಥಿಮೊಸರ ಬಳಿ ಹೋದೆ. ತಗಡು ಬೇಡ, ಪಟ ಅನ್ನೆಟಾಳದೇ ಕೆಲಸ, ಹೆಸರಿದೆಯಲ್ಲ ಎಂದೆ.

"ಅದು ದುಡ್ಡು ಕೊಟ್ಟು ಪಟ ಬರೆಸಿದೋಳ ಹೆಸರು ಅಂತಾನೆ ಲೊಯಿಜೊಸ್."

"ಅವಳು ಬರೆದದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ ಸ್ವಾಮಿ."

"ಹೌದಾ? ಒಂದಿನ ಅವಳು ಪ್ರಸಾದದ ರೊಟ್ಟಿಗೆ ಕೈಯೊಡ್ಡಿದಾಗ ಬೆರಳ ತುದಿಯೆಲ್ಲ ಕಂದು. ಏನಮ್ಮಾ ಅಂತ ಕೇಳಿದೆ. 'ಹಸಿ ಅಕ್ರೋಟು ಸಿಪ್ಪೆ ಸುಲಿದಿದ್ದಾಳೆ, ಅದರ ಕಲೆ' ಅಂದೋನು ನೀನು. ಎಲ್ಲರೆದುರು. ಎರಡರಲ್ಲಿ ಯಾವುದಪ್ಪಾ ಸುಳ್ಳು?"

ಮುದುಕನಿಗೆ ಹಾಳು ನೆನಪು. ಎದ್ದು ಬಂದೆ... ಅಂದದ್ದು ನಿಜ. ಹೆಂಡತಿ ಬಣ್ಣ ಕಲಸುತ್ತಾಳೆಂದರೆ ಕಾಫಿ ಅಂಗಡಿಯವರು ನಗುತ್ತಿದ್ದರು. ಅವಳು ಪಕ್ಕದಲ್ಲೇ ನಿಂತಿದ್ದಳು. ಆ ವಾರವೇ ಬಾರ್ಬರಾಳನ್ನು ಶುರು ಮಾಡಿದಳು.

ಡಿಸೆಂಬರ್ ೨

ತಗಡು ಬಡಿದಾಯಿತು. ಅಕ್ಕಸಾಲಿ ಮೊದಲ ಮೊಳೆ ಹೊಡೆದದ್ದೇ ಕೆಳ ಅಂಚಿಗೆ. ಲೊಯಿಜೊಸ್ ಮೊಳೆ ಎತ್ತಿಕೊಡುತ್ತಿದ್ದ. ನಾನು ಕಂಬದ ಹಿಂದೆ. ಹೇಡಿ.

ಡಿಸೆಂಬರ್ ೪, ಹಬ್ಬ, ಮಧ್ಯಾಹ್ನ

ಸಾಲಿನಲ್ಲಿ ನಿಂತೆ. ಬೆಳ್ಳಿಯ ನಡುವೆ ಮುಖ, ಒಂದು ಕೈ. ಜನ ಆ ಕೈಗೇ ಮುತ್ತಿಡುತ್ತಾರೆ. ಬಗ್ಗಿದೆ — ಬೆರಳ ತುದಿಯೆಲ್ಲ ಕಂದು. ಅನ್ನೆಟಾ ಬೇಕೆಂದೇ ಬರೆದಿದ್ದಾಳೆ, ರಾಕ್ಷಸಿ. ಪಟ ಎರಡು ವರ್ಷದಿಂದ ಇಲ್ಲೇ ನೇತಾಡುತ್ತಿದೆ. ಕೆಳಗಿನ ಹೆಸರೇ ಮುಖ್ಯವೆಂದುಕೊಂಡಿದ್ದ ನಾನು ಮೇಲೆ ನೋಡಿರಲೇ ಇಲ್ಲ.

"ಮೇಣದ ಮಸಿ. ಸರೀರಿ ಭಾವ," ಎಂದು ಲೊಯಿಜೊಸ್ ಕರವಸ್ತ್ರ ತಂದ. ಉಜ್ಜಿದ. ಮತ್ತೂ ಉಜ್ಜಿದ. ಹೋಗಲಿಲ್ಲ.

ಪಾದ್ರಿ ನನ್ನನ್ನೇ ನೋಡಿದರು. "ಅದೇನು ತಿಮೊಥೆಯೊ?"

ಸಾಲೆಲ್ಲ ಕಿವಿ.

"ಬಣ್ಣ ಸ್ವಾಮಿ. ಅಕ್ರೋಟಲ್ಲ. ಆವತ್ತು ಸುಳ್ಳು ಹೇಳಿದ್ದೆ."

ಗಟ್ಟಿಯಾಗಿಯೇ ಹೇಳಿದೆ. ಇದನ್ನೇ ಅವಳು ಪಕ್ಕದಲ್ಲಿದ್ದಾಗ ಒಂದು ಸಲ ಹೇಳಬಹುದಿತ್ತು.