ಓದಿದ ಮೇಲೆ ಸಹಿ

ನನ್ನ ಬಾಯಿಬಡುಕಿ ಅಮ್ಮನಿಗೆ,

ನೀನು ಹೋಗಿ ಎಂಟು ತಿಂಗಳಾಯಿತು. ಇಷ್ಟು ದಿನ ಮಾತಾಡದೆ ಹೇಗಿದ್ದೀಯೋ, ದೇವರೇ ಬಲ್ಲ! ಅಲ್ಲೂ ಯಾರನ್ನೋ ಹಿಡಿದು ಕೂರಿಸಿಕೊಂಡಿರುತ್ತೀಯ ಬಿಡು.

ನಿನಗೆ ಸಹಿ ಕಲಿಸಿದ್ದು ನೆನಪಿದೆಯಾ? ನಾನು ಆಗಷ್ಟೇ ಟೀಚರ್ ಆಗಿದ್ದೆ. ಟೀಚರಮ್ಮನ ಅಮ್ಮ ಹೆಬ್ಬೆಟ್ಟು ಒತ್ತುವುದೇ ಎಂಬ ಜಂಬ ನನಗೆ. ‘ರತ್ನಮ್ಮ’ ಎಂದು ಬರೆಸಿ ಬರೆಸಿ ನಿನ್ನ ಪ್ರಾಣ ತಿಂದೆ. ಮುಂದಿನ ವಾರವೇ, ನೀವೆಲ್ಲ ವಿ.ವಿ. ಪುರಂ ತಿಂಡಿ ಬೀದಿ ಗುಡಿಸಿ ಮುಗಿಸಿದಾಗ, ಮೇಸ್ತ್ರಿ ಒಂದು ಹಾಳೆ ಚಾಚಿದ. ಉಳಿದವರು ಹೆಬ್ಬೆಟ್ಟು ಒತ್ತಿದರು, ನೀನು ಠೀವಿಯಿಂದ ಸಹಿ ಹಾಕಿದೆ. ಬೂಟು, ಕೈಗವಸು ತಲುಪಿದೆ ಎಂದು ಅದರಲ್ಲಿ ಬರೆದಿತ್ತು. ತಲುಪಿದ್ದೆಲ್ಲಿ? ಕೇಳಲು ಹೋದರೆ, "ನೀನೇ ಸೈನ್ ಮಾಡಿದೀಯಲ್ಲಮ್ಮ, ಓದು ಬರೋಳು" ಅಂದನಂತೆ.

ಮನೆಗೆ ಬಂದವಳೇ ನನಗೆ ಮಂಗಳಾರತಿ ಎತ್ತಿದೆ. "ಸೈನ್ ಕಲಿಸ್ದೆ, ಓದೋದ್ ಯಾಕೆ ಕಲಿಸ್ಲಿಲ್ಲ? ಅವ್ರಿಗೆ ಬೇಕಾಗಿದ್ದು ಕಲಿಸಿದೀಯ ಕಣೇ, ನಂಗ್ ಬೇಕಾಗಿದ್ದಲ್ಲ!" ಬಿ.ಎಡ್. ಓದುವಾಗ ಇಷ್ಟು ನೇರವಾಗಿ ನನಗೆ ಯಾರೂ ಪಾಠ ಹೇಳಿರಲಿಲ್ಲ. ನಾಚಿಕೆಯಾಯಿತು, ಅತ್ತೂ ಬಿಟ್ಟೆ.

ಅ, ಆ ಎಂದು ಶುರುಮಾಡಿದರೆ ಸ್ಲೇಟು ತಳ್ಳಿದೆ. "ಅರಸ, ಆನೆ ಕಟ್ಕೊಂಡು ನಾನೇನ್ ಮಾಡ್ಲಿ? ಬೂಟು ಅಂತ ಬರಿ. ರಜೆ ಅಂತ ಬರಿ." ಆಮೇಲೆ ನೀನು ಓದದೆ ಒಂದು ಹಾಳೆಗೂ ಸಹಿ ಹಾಕಲಿಲ್ಲ. ನೀನು ಅಕ್ಷರ ಕೂಡಿಸುವವರೆಗೆ ಮೇಸ್ತ್ರಿ ಬಿಸಿಲಲ್ಲಿ ನಿಂತಿರುತ್ತಿದ್ದ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿಕೊಂಡು ನಾನು ಬೀಗಿದ್ದೇನು ಕಡಿಮೆಯೇ? ಅಮ್ಮನಿಗೆ ಓದು ಕಲಿಸಿದವಳು ನಾನು, ನಾನೇ...

ಈಗ ಸುದ್ದಿ ಕೇಳು. ಹೋದ ಸೋಮವಾರ ಶಾಲೆಗೆ ಹೊರಟಿದ್ದೆ. ಶಂಕರಪುರಂ ತಿರುವಿನಲ್ಲಿ ನಿನ್ನ ಗ್ಯಾಂಗಿನವರ ಮುಂದೆ ಹೊಸ ಮೇಸ್ತ್ರಿ ಅಂಥದ್ದೇ ಹಾಳೆ ಚಾಚಿದ. ನಿನ್ನ ಗೆಳತಿ ಮುನಿಯಮ್ಮ ಅದನ್ನು ಇಸಿದುಕೊಂಡು ಬೆರಳಿಟ್ಟು ಓದಿದಳು. "ತಲುಪಿದೆ ಅಂತ ಇದೆ. ಎಲ್ಲಿ ಮೇಸ್ತ್ರಿ ಬೂಟು? ಕೈಗೆ ಬರ್ಲಿ, ಆಮೇಲೆ ಸೈನು." ಹಿಂದಿದ್ದವರೆಲ್ಲ ಕೈ ಕಟ್ಟಿ ನಿಂತರು.

"ಯಾರಮ್ಮಾ ನಿಂಗೆ ಓದು ಕಲಿಸಿದ್ದು?" ಅವನು ರೇಗಿದ. ನನಗೂ ಅದೇ ಪ್ರಶ್ನೆ. ಮುನಿಯಮ್ಮನಿಗೆ ನಾನಂತೂ ಕಲಿಸಿರಲಿಲ್ಲ.

"ನಮ್ ರತ್ನಕ್ಕ. ದಿನಾ ಟೀ ಕುಡಿಯೋ ಹೊತ್ನಲ್ಲಿ, ಕಸದ ಗಾಡಿ ಮೇಲೆ ಸೀಮೆಸುಣ್ಣದಲ್ಲಿ ಬರ್ದು ನಮಗೆಲ್ಲಾ ಕಲಿಸ್ತು."

ಬೂಟು ಗುರುವಾರ ಬಂತಮ್ಮ, ಎಲ್ಲರಿಗೂ.

ನನ್ನ ಬ್ಯಾಗಿನಲ್ಲಿ ಸೀಮೆಸುಣ್ಣ ನಿಲ್ಲುತ್ತಲೇ ಇರಲಿಲ್ಲ. ಕ್ಲಾಸಿನ ಮಕ್ಕಳನ್ನು ಎಷ್ಟು ಬೈದಿದ್ದೇನೆ ಗೊತ್ತಾ? ಕಳ್ಳಿ! ಒಂದು ಮಾತು ಹೇಳಿದ್ದರೆ ಇಡೀ ಡಬ್ಬಿಯನ್ನೇ ಕೊಡುತ್ತಿದ್ದೆನಲ್ಲಮ್ಮ.